ಹಾರಂಗಿ: ನೀರೂ ನಿಲ್ಲದು, ನೆಂಟರೂ ನಿಲ್ಲರು

ಕುಶಾಲನಗರದ ಬಸ್ ನಿಲ್ದಾಣದ ಬಳಿ ಆಟೊ ಹಿಡಿದು ‘ಹಾರಂಗಿ’ ಎಂದೆ. ಚಾಲಕ ಮೀಟರ್ ಕಡೆ ನೋಡಲೂ ಇಲ್ಲ. ‘ಹೋಗಿ ಬರೋದು ತಾನೆ ಸಾರ್? ಅಲ್ಲಿ ಅರ್ಧ ಗಂಟೆ ವೇಟಿಂಗು ಸೇರಿಸಿ ಹೇಳ್ತೀನಿ’ ಎಂದ. ಅರ್ಧ ಗಂಟೆ ಸಾಲದಿದ್ದರೆ? ಅವನಿಗೆ ನಗು ಬಂತು. ‘ಅದಕ್ಕಿಂತ ಜಾಸ್ತಿ ಯಾರೂ ನಿಲ್ಲಲ್ಲ ಸಾರ್. ಡ್ಯಾಮ್ ಮುಂದೆ ಒಂದು ಸೆಲ್ಫಿ, ಪಾರ್ಕಲ್ಲಿ ಒಂದು ಸುತ್ತು. ಆಮೇಲೆ ಎಲ್ರಿಗೂ ಗೋಲ್ಡನ್ ಟೆಂಪಲ್ ಅವಸರ.’

ದಾರಿ ಒಂಬತ್ತು ಕಿಲೋಮೀಟರ್ ಆಸುಪಾಸು. ಗುಮ್ಮನಕೊಲ್ಲಿ ದಾಟಿದರೆ ಅಕ್ಕಪಕ್ಕ ಜೋಳ, ಶುಂಠಿ, ಗದ್ದೆ. ನಡುನಡುವೆ ಹೊಸ ಬಡಾವಣೆಗಳ ಸೈಟು ಕಲ್ಲುಗಳು. ಕೊಡಗೆಂದರೆ ಮಂಜು, ಕಾಫಿ, ಜಿಗಣೆ ಎಂದುಕೊಂಡು ಬೆಂಗಳೂರಿನಿಂದ ಬಂದವರಿಗೆ ಇದೆಂಥ ಕೊಡಗು ಎನಿಸಿದರೆ ತಪ್ಪಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಸುರಿಯುತ್ತದೆ. ಅಲ್ಲಿಂದ ಮೂವತ್ತು ಕಿಲೋಮೀಟರ್ ಇಳಿದು ಕುಶಾಲನಗರಕ್ಕೆ ಬಂದರೆ ಅದರ ಮೂರನೇ ಒಂದು ಪಾಲು ಸಿಕ್ಕರೆ ಪುಣ್ಯ. ಮಲೆನಾಡು ಮುಗಿದು ಮೈಸೂರು ಬಯಲು ಶುರುವಾಗುವ ಅಂಚು ಇದು. ಆದರೆ ಮೇಲಿನ ಬೆಟ್ಟಗಳಲ್ಲಿ ಬಿದ್ದ ಮಳೆಯ ದೊಡ್ಡ ಪಾಲು ಬಂದು ಸೇರುವುದು ಇದೇ ಒಣ ಮೂಲೆಗೆ.

ಪುಷ್ಪಗಿರಿ ಸಾಲಿನಲ್ಲಿ ಹುಟ್ಟುವ ಹಾರಂಗಿ, ಮಾದಾಪುರ ಹೊಳೆ, ಹಟ್ಟಿಹೊಳೆಯಂಥ ಹಳ್ಳಕೊಳ್ಳಗಳನ್ನೆಲ್ಲ ಸೇರಿಸಿಕೊಂಡು ಹುದುಗೂರಿನ ಬಳಿ ಬರುವಾಗ ಅದಕ್ಕೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟೆ ಇದೆ. 1982ರಲ್ಲಿ ಪೂರ್ಣಗೊಂಡದ್ದು. 47 ಮೀಟರ್ ಎತ್ತರ, 846 ಮೀಟರ್ ಉದ್ದ. ಗರಿಷ್ಠ ಮಟ್ಟ 2,859 ಅಡಿ, ತುಂಬಿದರೆ 8.5 ಟಿಎಂಸಿ. ಕೆ.ಆರ್.ಎಸ್‌ನ 49 ಟಿಎಂಸಿ ಎದುರು ಇದೊಂದು ಚೊಂಬು. ಆದರೆ ಮುಂಗಾರು ಚುರುಕಾದರೆ ಕಾವೇರಿ ಕಣಿವೆಯ ನಾಲ್ಕು ದೊಡ್ಡ ಜಲಾಶಯಗಳಲ್ಲಿ ಮೊದಲು ತುಂಬಿದ್ದು ಯಾವುದು ಎಂಬ ಪೈಪೋಟಿ ನಡೆಯುವುದು ಸಾಮಾನ್ಯವಾಗಿ ಹಾರಂಗಿಗೂ ಕಬಿನಿಗೂ. ಚೊಂಬು ಬೇಗ ತುಂಬುತ್ತದೆ, ಬೇಗ ತುಳುಕುತ್ತದೆ. ಬಂದ ನೀರನ್ನು ಹಿಡಿದಿಟ್ಟುಕೊಳ್ಳಲಾಗದೆ ಕ್ರೆಸ್ಟ್ ಗೇಟ್ ಎತ್ತಿ ಬಿಡಬೇಕು. ಕೂಡಿಗೆಯ ಬಳಿ ಕಾವೇರಿಗೆ ಸೇರಿದ ಆ ನೀರು ಮತ್ತೆ ಸಿಗುವುದು ಕೆ.ಆರ್.ಎಸ್‌ನಲ್ಲಿ.

ಹಾರಂಗಿಯ ಪ್ರವಾಸೋದ್ಯಮದ ಕತೆಯೂ ಇದೇ. ಜನ ಬರುತ್ತಾರೆ, ತುಂಬುತ್ತಾರೆ, ತುಳುಕುತ್ತಾರೆ, ಸಂಜೆಗೆ ಕೆಳಗಿಳಿದು ಹೋಗುತ್ತಾರೆ. ಅವರ ಜೇಬಿನ ದುಡ್ಡೂ ಹಾಗೆಯೇ.

ನೂರರಲ್ಲಿ ಎಂಬತ್ತು

ನಮಗೆ ವೆಸ್ಟ್ ಇಂಡೀಸ್ ಗೊತ್ತಿರುವುದು ಕ್ರಿಕೆಟ್ಟಿನಿಂದ. ಆ ದ್ವೀಪಗಳಲ್ಲಿ ಬಹಳಷ್ಟು ಬದುಕುವುದು ಪ್ರವಾಸಿಗರನ್ನು ನಂಬಿ. ದೊಡ್ಡ ಹಡಗು ಬೆಳಿಗ್ಗೆ ದಡಕ್ಕೆ ಬರುತ್ತದೆ, ಸಾವಿರಾರು ಜನ ಇಳಿಯುತ್ತಾರೆ, ಮಾರುಕಟ್ಟೆಯಲ್ಲಿ ಒಂದು ಟೀ ಶರ್ಟು ಕೊಂಡು, ಸಮುದ್ರದಲ್ಲಿ ಕಾಲು ನೆನೆಸಿ, ರಾತ್ರಿಯೂಟಕ್ಕೆ ಹಡಗಿಗೇ ಮರಳುತ್ತಾರೆ. ಊಟ, ನಿದ್ದೆ, ಕುಡಿತ ಎಲ್ಲವೂ ಹಡಗಿನ ಕಂಪನಿಯದು. ಉಳಿದುಕೊಳ್ಳುವವರಲ್ಲೂ ಎಷ್ಟೋ ಮಂದಿ ವಿದೇಶಿ ಮಾಲೀಕರ ರೆಸಾರ್ಟಿನ ಗೇಟು ದಾಟುವುದಿಲ್ಲ. ಊಟ–ತಿಂಡಿ ಸೇರಿಸಿ ಮೊದಲೇ ಹಣ ಕಟ್ಟಿರುತ್ತಾರೆ. ಪ್ರವಾಸಿ ಖರ್ಚು ಮಾಡಿದ ನೂರರಲ್ಲಿ ಎಷ್ಟು ಹೊರಗೆ ಹೋಗುತ್ತದೆ ಎಂಬುದಕ್ಕೆ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಉಲ್ಲೇಖಿಸುವ ಅಂದಾಜು ಕೆರಿಬಿಯನ್‌ನ ಮಟ್ಟಿಗೆ 80ರವರೆಗೆ ಏರುತ್ತದೆ. ಭಾರತದ ಮಟ್ಟಿಗೆ 40. ಇದಕ್ಕೆ ಅರ್ಥಶಾಸ್ತ್ರದವರು ಇಟ್ಟ ಹೆಸರು ಸೋರಿಕೆ. ಅಣೆಕಟ್ಟೆಯ ಊರಿನವರಿಗೆ ಆ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕುಶಾಲನಗರಕ್ಕೆ ಹಡಗು ಬರುವುದಿಲ್ಲ, ಟೆಂಪೊ ಟ್ರಾವೆಲರ್ ಬರುತ್ತದೆ. ಶನಿವಾರ ಬೆಳಗಿನ ಜಾವ ಬೆಂಗಳೂರು ಬಿಟ್ಟದ್ದು ಹತ್ತರ ಹೊತ್ತಿಗೆ ಬೈಲುಕುಪ್ಪೆಯಲ್ಲಿರುತ್ತದೆ. 1961ರಲ್ಲಿ ಟಿಬೆಟನ್ನರಿಗಾಗಿ ಆರಂಭವಾದ ನೆಲೆ ಅದು. ನಾಮ್‌ಡ್ರೋಲಿಂಗ್ ಮಠದ, ಅಂದರೆ ಆಟೊದವನು ಹೇಳಿದ ಗೋಲ್ಡನ್ ಟೆಂಪಲ್‌ನ, ಚಿನ್ನದ ಬಣ್ಣದ ಬುದ್ಧನ ಮುಂದೆ ಫೋಟೊ ಆಗದೆ ‘ಕೂರ್ಗ್ ಟೂರ್’ ಪೂರ್ತಿಯಾಗುವುದಿಲ್ಲ. (ಬೈಲುಕುಪ್ಪೆ ಇರುವುದು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಎಂಬುದನ್ನು ಯಾರಿಗಾದರೂ ಹೇಳಿದರೆ ನಂಬುವುದಿಲ್ಲ.) ಅಲ್ಲಿಂದ ನಿಸರ್ಗಧಾಮದ ತೂಗುಸೇತುವೆ, ದುಬಾರೆಯ ಆನೆ, ಮಧ್ಯೆ ಚಾಲಕ ತೋರಿಸಿದ ಮಸಾಲೆ ಅಂಗಡಿ, ಆಮೇಲೆ ಮಡಿಕೇರಿಯ ರಾಜಾಸೀಟಿನಲ್ಲಿ ಸೂರ್ಯಾಸ್ತ. ಹೊತ್ತು ಉಳಿದರೆ ಹಾರಂಗಿ. ಉಳಿಯದಿದ್ದರೆ ಅದೂ ಇಲ್ಲ. 2011ರ ಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5.54 ಲಕ್ಷ, ವರ್ಷಕ್ಕೆ ಬಂದುಹೋಗುವ ಪ್ರವಾಸಿಗರು ಅದರ ಹಲವು ಪಟ್ಟು. ಆ ಹಲವು ಪಟ್ಟಿನಲ್ಲಿ ಹಾರಂಗಿಯ ಅಂಚಿನ ಚಿಕ್ಕತ್ತೂರಿನಲ್ಲೋ ಹೇರೂರಿನಲ್ಲೋ ಒಂದು ರಾತ್ರಿ ಮಲಗಿ, ಬೆಳಿಗ್ಗೆ ಕಡುಬೋ ಅಕ್ಕಿರೊಟ್ಟಿಯೋ ತಿಂದು, ದುಡ್ಡು ಕೊಟ್ಟು ಹೋದವರು ಎಷ್ಟು ಮಂದಿ?

ಮಸಾಲೆ ಅಂಗಡಿಯ ಮಾತು ಬಂತಲ್ಲ, ಅದನ್ನು ಮುಗಿಸಿಯೇ ಮುಂದೆ ಹೋಗೋಣ. ಕುಶಾಲನಗರದ ಹೆದ್ದಾರಿಯಲ್ಲಿ ಇಂಥ ಅಂಗಡಿಗಳ ಸಾಲೇ ಇದೆ. ಒಳಗೆ ‘ಹೋಮ್‌ಮೇಡ್ ಚಾಕೊಲೇಟ್’ ಗುಡ್ಡೆ ಬಿದ್ದಿರುತ್ತದೆ. ಚಾಕೊಲೇಟಿಗೂ ಕೊಡಗಿನ ಅಡುಗೆಮನೆಗೂ ಏನು ನಂಟೋ! ಕೊಡಗಿನ ಅಡುಗೆಯ ಹುಳಿ ಕಾಚಂಪುಳಿ ಕೇಳಿದರೆ ಹುಡುಗ ಒಳಗೆ ಹೋಗಿ ಹುಡುಕಿ ತಂದ. ಎಲ್ಲಿಯದು ಎಂದರೆ ಅವನಿಗೆ ಗೊತ್ತಿಲ್ಲ. ಕಾಫಿ ಪುಡಿಯ ಪೊಟ್ಟಣದ ಮೇಲೆ ತೋಟದ ಚಿತ್ರವಿತ್ತು, ತೋಟದ ಹೆಸರಿರಲಿಲ್ಲ. ಒಂದು ಲೋಟ ಕಾಫಿ ಕೊಡಿ ಎಂದೆ. ಬಂದದ್ದರಲ್ಲಿ ಕಾಫಿಗಿಂತ ಚಿಕೋರಿಯ ಘಮವೇ ಮುಂದಿತ್ತು. ದೇಶದಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆಯ ಬಾಗಿಲಲ್ಲಿ ನಿಂತು ಕುಡಿದ ಕಾಫಿ ಅದು.

ಕೆರಿಬಿಯನ್‌ನವರು ಇಲ್ಲೊಂದು ಕಡೆ ಜಾಣರು. ಜಮೈಕಾದ ಬ್ಲೂ ಮೌಂಟನ್ ಬೆಟ್ಟಗಳಲ್ಲಿ ಗೊತ್ತುಮಾಡಿದ ಪ್ರದೇಶದಲ್ಲಿ ಬೆಳೆದದ್ದಕ್ಕೆ ಮಾತ್ರ ಆ ಹೆಸರು. ಕಾನೂನೇ ಅದನ್ನು ಕಾಯುತ್ತದೆ. ತೋಟಕ್ಕೆ ಹೋಗಿ, ಹಣ್ಣು ಬಿಡಿಸಿ, ಹುರಿಯುವುದನ್ನು ನೋಡಿ, ಕುಡಿದು, ಪೊಟ್ಟಣ ಕೊಂಡು ಬರುವುದೇ ಒಂದು ಪ್ರವಾಸ. ನಮ್ಮ ಕೊಡಗು ಅರೇಬಿಕಾಕ್ಕೂ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂತು. ಕೊಡಗಿನ ಕಿತ್ತಳೆಗೆ, ಏಲಕ್ಕಿಗೆ ಅದಕ್ಕೂ ಮೊದಲೇ ಬಂದಿತ್ತು. ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ಕಾಫಿ ಸಂಸ್ಕರಿಸುವ ಘಟಕಗಳಿವೆ, ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರವಿದೆ. ಹಾರಂಗಿ ಹಿನ್ನೀರಿನ ಮೇಲ್ಭಾಗ ಸುಂಟಿಕೊಪ್ಪದವರೆಗೂ ತೋಟವೇ. ಮಾರ್ಚಿನಲ್ಲಿ ಹೂಮಳೆ ಬಿದ್ದು ವಾರ–ಹತ್ತು ದಿನಕ್ಕೆ ರೊಬಸ್ಟಾ ಗಿಡಗಳೆಲ್ಲ ಮೊಸರು ಚೆಲ್ಲಿದಂತೆ ಬೆಳ್ಳಗಾಗಿ, ಕಾರಿನ ಗಾಜು ಇಳಿಸಿದರೆ ಮಲ್ಲಿಗೆಯ ಹಾಗೆ ವಾಸನೆ ಹೊಡೆಯುತ್ತದೆ. ಆ ಹೊತ್ತಿನಲ್ಲಿ ಪ್ರವಾಸಿಗರು ಇಲ್ಲ, ಮಕ್ಕಳ ಪರೀಕ್ಷೆ. ಪರೀಕ್ಷೆ ಇಲ್ಲದವರೂ ಬರುವುದಿಲ್ಲ, ಅವರಿಗೆ ಯಾರೂ ಹೇಳಿಲ್ಲ.

ಯಾರ ಹಾರಂಗಿ?

ಅಣೆಕಟ್ಟೆಯ ಗೇಟಿನಲ್ಲಿ ಇಳಿದು ನಿಂತರೆ ಮೊದಲು ಏಳುವ ಪ್ರಶ್ನೆ ಇದು. ಕಟ್ಟೆ, ನಾಲೆ, ಉದ್ಯಾನ ಕಾವೇರಿ ನೀರಾವರಿ ನಿಗಮದ್ದು. ಕಟ್ಟೆಯ ನೆತ್ತಿಯ ಮೇಲೆ ಹೋಗುವಂತಿಲ್ಲ, ಭದ್ರತೆ, ಅದು ಸರಿಯೇ. ವಿದ್ಯುತ್ ಉತ್ಪಾದನೆ ಖಾಸಗಿ ಕಂಪನಿಯದು. ಪಕ್ಕದ ವೃಕ್ಷೋದ್ಯಾನ, ಸಾಕಾನೆ ಶಿಬಿರ ಅರಣ್ಯ ಇಲಾಖೆಯದು. ಮೀನುಮರಿ ಕೇಂದ್ರ ಮೀನುಗಾರಿಕೆ ಇಲಾಖೆಯದು. ರಸ್ತೆ ಲೋಕೋಪಯೋಗಿಯವರದೋ ಪಂಚಾಯಿತಿಯದೋ, ಹೊಂಡ ಬಿದ್ದಾಗ ಗೊತ್ತಾಗುತ್ತದೆ. ಪ್ರವಾಸೋದ್ಯಮ ಇಲಾಖೆಯ ಪಾಲಿಗೆ ಉಳಿದದ್ದು ಫಲಕ. ಎಲ್ಲರಿಗೂ ಒಂದೊಂದು ಬೇಲಿ ಇದೆ, ಒಂದೊಂದು ಸಮಯ ಇದೆ. ಎಲ್ಲವನ್ನೂ ಒಟ್ಟಿಗೆ ಇಟ್ಟು, ಬಂದವನಿಗೆ ಒಂದು ದಿನದ ಕೆಲಸ ಕೊಡುವವರು ಇಲ್ಲ. ಅದಕ್ಕೇ ಆಟೊದವನ ಅರ್ಧ ಗಂಟೆ.

ಇದ್ದುದರಲ್ಲಿ ಎದ್ದುಕಾಣುವಂತೆ ಮಾಡಿದ್ದು ಸಂಗೀತ ಕಾರಂಜಿ. ಕತ್ತಲಾದರೆ ಬಣ್ಣದ ದೀಪದಲ್ಲಿ ನೀರು ಹಾಡಿಗೆ ಕುಣಿಯುತ್ತದೆ. ಮಕ್ಕಳಿಗೆ ಖುಷಿ, ಅದನ್ನು ಹಳಿಯುವಷ್ಟು ಒಣ ಮನುಷ್ಯ ನಾನಲ್ಲ. ಆದರೆ ಮೈಸೂರಿನ ಮೇಲೆ ಹಾದು, ಬೃಂದಾವನದ ಕಾರಂಜಿ ನೋಡಿಕೊಂಡೇ ಬಂದವನಿಗೆ ಅದರ ತಮ್ಮನನ್ನು ತೋರಿಸಿ ಏನು ಪ್ರಯೋಜನ? ನಮ್ಮಲ್ಲಿ ಯಾವ ಅಣೆಕಟ್ಟೆಗೆ ಪ್ರವಾಸಿಗರನ್ನು ಕರೆಯಬೇಕೆಂದರೂ ಮೊದಲು ಹೊಳೆಯುವುದು ‘ಕೆ.ಆರ್.ಎಸ್ ಮಾದರಿ’. ಜುಲೈನಲ್ಲಿ ಗೇಟು ಎತ್ತಿದಾಗ ಹಾರಂಗಿಯೇ ಒಂದು ಕಾರಂಜಿ. ಹಾಲಿನ ನೊರೆಯ ಹಾಗೆ ಧುಮ್ಮಿಕ್ಕಿ, ಕೆಳಗಿನ ಬಂಡೆಗೆ ಬಡಿದು ಮತ್ತೆ ಮೇಲಕ್ಕೆ ಹಾರುವ ತುಂತುರು ದೂರದಲ್ಲಿ ನಿಂತವರ ಕನ್ನಡಕದ ಮೇಲೂ ಕೂರುತ್ತದೆ. ಅದನ್ನು ಕೂತು ನೋಡಲು ಸೂರಿರುವ ಕಟ್ಟೆ, ಈ ನೀರು ಎಲ್ಲಿಂದ ಬಂತು, ಪಿರಿಯಾಪಟ್ಟಣ, ಹುಣಸೂರು, ಅರಕಲಗೂಡಿನ ಯಾವ ಗದ್ದೆಗೆ ಹೋಗುತ್ತದೆ ಎಂದು ಹೇಳುವ ಒಂದು ನಕ್ಷೆ, ಬಿಸಿ ಕಾಫಿ. ಕಾರಂಜಿಗೆ ಸುರಿದ ದುಡ್ಡಿನ ಚೂರಿನಲ್ಲಿ ಇಷ್ಟೂ ಆಗುತ್ತಿತ್ತು. ಬಾಗಿನ ಕೊಡುವ ದಿನ ಸಚಿವರಿಗೆ, ಶಾಸಕರಿಗೆ ಶಾಮಿಯಾನ ಬರುತ್ತದೆ. ಮರುದಿನ ಕಿತ್ತು ಒಯ್ಯುತ್ತಾರೆ.

ಕಾವಾಡಿಯ ಜೊತೆ ಒಂದು ಗಳಿಗೆ

ಸಾಕಾನೆ ಶಿಬಿರ ಈಚಿನದು. ದುಬಾರೆಯಲ್ಲಿ ಆನೆಗಳೂ ಹೆಚ್ಚು, ಜನವೂ ಹೆಚ್ಚು ಎಂಬ ಒತ್ತಡದಿಂದ ಒಂದಷ್ಟು ಆನೆಗಳನ್ನು ಇಲ್ಲಿಗೆ ತಂದು ಶುರುಮಾಡಿದ್ದು. ಬೆಳಿಗ್ಗೆ ನಾನು ಹೋದಾಗ ಒಂದು ಆನೆಯನ್ನು ನೀರಲ್ಲಿ ಮಗ್ಗುಲು ಮಲಗಿಸಿ ಕಾವಾಡಿ ತಿಕ್ಕುತ್ತಿದ್ದ. ಕಿವಿಯ ಹಿಂದೆ ತಿಕ್ಕುವಾಗ ಕೈ ನಿಧಾನವಾಯಿತು. ಯಾಕೆಂದು ಕೇಳಿದೆ. ‘ಇಲ್ಲಿ ನರ ತೆಳು ಸಾರ್, ಗಟ್ಟಿ ತಿಕ್ಕಿದ್ರೆ ಸಿಟ್ಟು ಬರುತ್ತೆ.’ ಅಷ್ಟರಲ್ಲಿ ಇನ್ನೊಂದು ಸಂಸಾರ ಬಂತು. ಸೊಂಡಿಲು ಮುಟ್ಟಿ ಫೋಟೊ ತೆಗೆಸಿಕೊಂಡು, ‘ರೈಡ್ ಇಲ್ವಾ?’ ಎಂದು ಕೇಳಿ, ಇಲ್ಲ ಎಂದಾಗ ಮುಖ ಸಣ್ಣ ಮಾಡಿಕೊಂಡು ಹೊರಟಿತು. ಐದು ನಿಮಿಷ. ಕಾವಾಡಿ ಮತ್ತೆ ಕಿವಿಯ ಹಿಂದಕ್ಕೆ ಕೈ ಹಾಕಿದ.

ಕೊಡಗಿನ ಆನೆ ಶಿಬಿರಗಳಲ್ಲಿ ಮಾವುತ, ಕಾವಾಡಿ ಕೆಲಸ ಮಾಡುತ್ತ ಬಂದವರಲ್ಲಿ ಹೆಚ್ಚಿನವರು ಜೇನುಕುರುಬರು. ಪುಂಡಾನೆ ಹಿಡಿಯಲು ಹೋಗುವ ಕುಮ್ಕಿಗಳನ್ನು ಪಳಗಿಸಿದವರು, ಕ್ರಾಲ್‌ನಲ್ಲಿ ಕೂಡಿಹಾಕಿದ ಆನೆಯ ಹತ್ತಿರ ಮೊದಲು ಕಬ್ಬು ಹಿಡಿದು ಹೋಗುವವರು, ಮೈಸೂರು ದಸರೆಯಲ್ಲಿ ಬೆಲ್ಲ, ಕಡಲೆಕಾಯಿ, ಭತ್ತ ಸೇರಿಸಿ ಹುಲ್ಲಲ್ಲಿ ಸುತ್ತಿ ಕುಸುರೆ ತಿನ್ನಿಸುವವರು ಇವರೇ. ಆನೆಯ ಹೆಜ್ಜೆ ನೋಡಿ ಎತ್ತರ ಹೇಳುತ್ತಾರೆ, ಲದ್ದಿ ನೋಡಿ ಯಾವ ತೋಟಕ್ಕೆ ನುಗ್ಗಿ ಬಂದಿದೆ ಎನ್ನುತ್ತಾರೆ. ಇಂಥವರ ಜೊತೆ ಕೂರಿಸಿ ಎರಡು ಗಂಟೆ ಮಾತಾಡಿಸಿದರೆ ಅದು ಸಫಾರಿಗಿಂತ ಮೇಲು, ಆನೆಗೂ ಅನುಕೂಲ. ಸದ್ಯಕ್ಕೆ ಪ್ರವಾಸಿಯ ಕಣ್ಣಿಗೆ ಅವರು ಆನೆ ಹಿಡಿದು ನಿಂತವರು, ಅಷ್ಟೆ.

2016ರ ಡಿಸೆಂಬರಿನಲ್ಲಿ ಕೊಡಗಿನದೇ ದಿಡ್ಡಳ್ಳಿಯಲ್ಲಿ ಗುಡಿಸಲು ಕೆಡವಿದಾಗ ಬೀದಿಗೆ ಬಿದ್ದ ಆದಿವಾಸಿ ಕುಟುಂಬಗಳಿಗೆ ಮುಂದೆ ಮನೆ ಕಟ್ಟಿಕೊಟ್ಟದ್ದು ಇದೇ ಕುಶಾಲನಗರ ಭಾಗದ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ. ಕಾಡು ಬಿಟ್ಟು ಬಂದವರಿಗೆ ಅಲ್ಲಿ ಕೂಲಿ ಹುಡುಕುವುದೇ ದಿನದ ಕೆಲಸ. ಹತ್ತಾರು ಕೋಟಿಯ ಪ್ರವಾಸೋದ್ಯಮ ಅವರ ಮನೆ ಮುಂದೆಯೇ ಹಾದುಹೋಗುತ್ತದೆ. ಅಲ್ಲಿಯ ಹುಡುಗರಿಗೆ ಹಕ್ಕಿ, ಮರ, ಜೇನಿನ ಮಾರ್ಗದರ್ಶಿಗಳಾಗಲು ಆರು ತಿಂಗಳ ತರಬೇತಿ, ಒಂದು ಗುರುತಿನ ಚೀಟಿ ಸಾಕು. ಮಾರ್ಗದರ್ಶಿ ಇಲ್ಲದೆ ಕಾಡಂಚಿನ ನಡಿಗೆ ಇಲ್ಲ ಎಂದು ನಿಯಮ ಮಾಡಿದರೆ ಸಂಬಳ ತಾನಾಗಿ ಹುಟ್ಟುತ್ತದೆ.

ಕೆರಿಬಿಯನ್‌ನ ಡೊಮಿನಿಕ ದ್ವೀಪದಲ್ಲಿ ಇಂಥದ್ದನ್ನು ಮಾಡಿದ್ದಾರೆ. ಬಿಳಿ ಮರಳಿನ ಕಡಲತೀರ ಅವರಿಗಿಲ್ಲ. ಇರುವುದು ಬೆಟ್ಟ, ಮಳೆ, ತೊರೆ, ಥೇಟ್ ಕೊಡಗಿನ ಹಾಗೆ. ಹಾಗಾಗಿ ದ್ವೀಪದ ಉದ್ದಕ್ಕೂ 185 ಕಿಲೋಮೀಟರಿನ ಕಾಲುದಾರಿ ಮಾಡಿ, 14 ತುಂಡುಗಳಾಗಿ ಒಡೆದರು. ಪೂರ್ತಿ ನಡೆಯುವವನು ಹಳ್ಳಿಯಿಂದ ಹಳ್ಳಿಗೆ ಹೋಗುತ್ತ ರಾತ್ರಿ ಎಲ್ಲಾದರೂ ತಂಗಲೇಬೇಕು. ದಾರಿಯ ಹೆಸರೂ ಅಲ್ಲಿಯ ಮೂಲನಿವಾಸಿಗಳು ದ್ವೀಪವನ್ನು ಕರೆಯುತ್ತಿದ್ದ ಹೆಸರೇ: ವೈಟುಕುಬುಲಿ. ಹಾರಂಗಿಯಿಂದ ನಾಲೆಯ ಏರಿ ಹಿಡಿದು, ಕೂಡಿಗೆಯ ಸಂಗಮ ನೋಡಿ, ಕಣಿವೆ ಎಂಬ ಊರಿನ ರಾಮಲಿಂಗೇಶ್ವರನ ಗುಡಿ, ಅಲ್ಲಿಯ ತೂಗುಸೇತುವೆವರೆಗೆ ಒಂದು ದಿನದ ನಡಿಗೆ ಆಗದೇ? ಮಣ್ಣು ದಾರಿ ಅಲ್ಲಲ್ಲಿ ಈಗಲೂ ಇದೆ. ಬೇಕಿರುವುದು ಕಲ್ಲಿನ ಗುರುತು, ನೆರಳು, ಶೌಚಾಲಯ.

ಮೀನಿನ ಸಂಗತಿ

ಹಾರಂಗಿಯ ನಿಜವಾದ ಆಸ್ತಿ ಯಾವುದೆಂದು ನನ್ನನ್ನು ಕೇಳಿದರೆ ಆನೆಯನ್ನೂ ಬಿಟ್ಟು ಮೀನು ಎನ್ನುತ್ತೇನೆ. ಇಲ್ಲಿಯ ಮೀನುಮರಿ ಕೇಂದ್ರದಲ್ಲಿ ಮಹಶೀರ್ ಮರಿ ಮಾಡಿಸುತ್ತಾರೆ. ನಮ್ಮ ಹೊಳೆಗಳಲ್ಲಿ ಅದಕ್ಕೆ ಬಿಳಿಮೀನು ಎಂದು ಹೆಸರು, ದೇವಸ್ಥಾನದ ಮಡುವಿನಲ್ಲಿದ್ದರೆ ದೇವರ ಮೀನು. ಶೃಂಗೇರಿಯ ತುಂಗೆಯಲ್ಲಿ ಮಂಡಕ್ಕಿ ಎಸೆದು ನೋಡಿದವರಿಗೆ, ಇದೇ ಕಾವೇರಿ ಕೆಳಗೆ ರಾಮನಾಥಪುರದಲ್ಲಿ ನೋಡಿದವರಿಗೆ ಅದರ ಗಾತ್ರ ಗೊತ್ತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ 54 ಕಿಲೊ ತೂಗಿತ್ತು. ಗಾಳ ಹಾಕುವವರ ಲೋಕದಲ್ಲಿ ಆ ದಾಖಲೆ ಇವತ್ತಿಗೂ ಪುರಾಣದಂತೆ. ಆ ಕಿತ್ತಳೆ ರೆಕ್ಕೆಯ ಡುಬ್ಬದ ಮಹಶೀರ್ ಇರುವುದು ಕಾವೇರಿ ಕಣಿವೆಯಲ್ಲಿ ಮಾತ್ರ. ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದೇ 2018ರಲ್ಲಿ. ಅದೇ ವರ್ಷ ಅಳಿವಿನ ತುದಿಯಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಹೆಸರಿಟ್ಟ ಕೂಡಲೇ ತಿಥಿಯ ಚೀಟಿ ಬಂದ ಹಾಗೆ.

ಡೈನಮೈಟ್ ಹಾಕಿ ಮೀನು ಕೊಲ್ಲುವುದು, ಮರಳು ತೆಗೆಯುವುದು, ಅಣೆಕಟ್ಟೆಗಳು, ಹೊರಗಿನ ತಳಿಯ ಮಹಶೀರ್ ಮರಿಗಳನ್ನೇ ತಂದು ಹೊಳೆಗೆ ಬಿಟ್ಟದ್ದು, ಎಲ್ಲ ಸೇರಿ ಈ ಗತಿ. ಈ ಕತೆಯನ್ನು ಗಾಜಿನ ತೊಟ್ಟಿಯ ಮುಂದೆ ನಿಲ್ಲಿಸಿ ಹೇಳಿದರೆ ಶಾಲೆಯ ಮಕ್ಕಳು ಮರೆಯುವುದುಂಟೆ? ಮರಿ ಕೇಂದ್ರಕ್ಕೆ ದಿನಕ್ಕೆ ಇಷ್ಟು ಜನ ಎಂದು ಗೊತ್ತುಮಾಡಿ, ಟಿಕೆಟ್ ಇಟ್ಟು, ಮಾಹಿತಿ ಹೇಳುವ ಒಬ್ಬ ಹುಡುಗಿಯನ್ನು ನೇಮಿಸಿದರೆ ಅರ್ಧ ಗಂಟೆ ಎರಡು ಗಂಟೆಯಾಗುತ್ತದೆ. ಕಾವೇರಿ ದಡದ ವಾಲ್ನೂರಿನಲ್ಲಿ ಕೊಡಗು ವನ್ಯಜೀವಿ ಸಂಘದವರು ಹಿಡಿದ ಮಹಶೀರ್‌ ಅನ್ನು ತೂಕ ನೋಡಿ ಮತ್ತೆ ಹೊಳೆಗೆ ಬಿಡುವ ಪದ್ಧತಿ ನಡೆಸಿಕೊಂಡು ಬಂದವರು. ಗಾಳಕ್ಕೆ ಹಣ ಕೊಡುವವರಿಂದ ಹೊಳೆಯ ಕಾವಲುಗಾರನ ಸಂಬಳ ಹುಟ್ಟುತ್ತದೆ, ಕಾವಲಿದ್ದರೆ ಡೈನಮೈಟ್ ಬರುವುದಿಲ್ಲ. ಈ ಲೆಕ್ಕ ತಿಳಿದವರು ಕೊಡಗಿನಲ್ಲೇ ಇದ್ದಾರೆ. ಕೇಳುವವರು ಬೇಕು.

ಹಿನ್ನೀರಿನ ಅಂಚಿನಲ್ಲಿ

ಏಪ್ರಿಲ್ ಕೊನೆಯಲ್ಲಿ ಮತ್ತೊಮ್ಮೆ ಹೋದೆ. ನೀರು ಇಳಿದು ಹಿನ್ನೀರಿನ ದಡ ಮೆಟ್ಟಿಲು ಮೆಟ್ಟಿಲಾಗಿ ಬಿರಿದಿತ್ತು. ಮೊಣಕಾಲೆತ್ತರದ ಬುಡಗಳು ಸಾಲಾಗಿ ಕಾಣುತ್ತಿದ್ದವು, ಮುಳುಗುವ ಮೊದಲು ಕಡಿದ ಮರಗಳು. ದನ ಮೇಯಿಸುತ್ತಿದ್ದ ಒಬ್ಬ ಹಿರಿಯರು ಕೋಲು ಚಾಚಿ ನೀರಿನ ನಡುವಿನ ಒಂದು ದಿಬ್ಬ ತೋರಿಸಿದರು. ‘ನೋಡಪ್ಪ, ಅದರ ಆಚೆ ನಮ್ಮಪ್ಪನ ಗದ್ದೆ ಇದ್ದದ್ದು. ಇಂಥ ಬೇಸಿಗೆಲಿ ಬದು ಕಾಣ್ತದೆ.’ ಈಗ ಅವರಿಗಿಲ್ಲಿ ಏನಿದೆ ಎಂದೆ. ‘ದನ ಮೇಯ್ಸಕ್ಕೆ ಬಿಡ್ತಾರಲ್ಲ, ಅಷ್ಟು.’ ಅವರ ಬೆನ್ನಹಿಂದೆ, ದಡದ ಮೇಲೆ, ತಂತಿಬೇಲಿಯ ಆಚೆ ‘ಲೇಕ್ ವ್ಯೂ’ ಎಂಬ ಫಲಕ.

ನೀರಿಗಾಗಿ ನೆಲ ಕೊಟ್ಟವರಿಗೆ ನೀರಿನ ನೋಟ ಸೇರದೆ, ನೆಲ ಕೊಂಡವರಿಗೆ ಸೇರುವುದು ಹಾರಂಗಿಯಲ್ಲಿ ನನಗೆ ಅತಿ ಕಸಿವಿಸಿ ತಂದ ಸಂಗತಿ. ಹೋಮ್‌ಸ್ಟೇ ಎಂದರೆ ಮನೆಯವರು ಅಲ್ಲೇ ಇದ್ದು, ಬೆರಳೆಣಿಕೆಯ ಕೋಣೆ ಕೊಟ್ಟು, ತಮ್ಮ ಅಡುಗೆ ಬಡಿಸುವುದು ಎಂಬುದು ಸರ್ಕಾರದ ನಿಯಮದ ಆಶಯ. ಕೊಡಗಿನಲ್ಲಿ ಆ ಹೆಸರಿನಲ್ಲಿ ನಡೆಯುವ ಎಷ್ಟೋ ಜಾಗಗಳಲ್ಲಿ ಮನೆಯವರೇ ಇರುವುದಿಲ್ಲ. ಗುತ್ತಿಗೆಗೆ ಪಡೆದವರು, ಫೋನಿನಲ್ಲಿ ಬುಕ್ಕಿಂಗ್ ಮಾಡುವವರು, ರಾತ್ರಿಯೆಲ್ಲ ಸ್ಪೀಕರು. ನೋಂದಣಿ ಇಲ್ಲದವುಗಳ ಮೇಲೆ ಜಿಲ್ಲಾಡಳಿತ ಆಗಾಗ ಎಚ್ಚರಿಕೆ ಕೊಡುತ್ತದೆ, ಸೀಸನ್ ಬಂದರೆ ಎಲ್ಲವೂ ಭರ್ತಿ. ಹಿನ್ನೀರಿನ ಹಳ್ಳಿಗಳಲ್ಲಿ ಜಮೀನು ಕಳೆದುಕೊಂಡ ಮನೆಗಳಿಗೆ ಮೊದಲ ಹಕ್ಕು, ಸಾಲಕ್ಕೆ ಬಡ್ಡಿ ರಿಯಾಯಿತಿ, ಹಿನ್ನೀರಿನಲ್ಲಿ ದೋಣಿ ನಡೆಸುವ ಪರವಾನಗಿ ಊರಿನ ಸಹಕಾರ ಸಂಘಕ್ಕೆ ಮಾತ್ರ. ಇಷ್ಟು ಮಾಡಲು ಹೊಸ ಕಾನೂನು ಬೇಕಾಗಿಲ್ಲ. ದೋಣಿ ಊರಿನವರದಾದರೆ ಯಾವ ಸೆಳವಿನಲ್ಲಿ ಇಳಿಯಬಾರದು ಎಂದು ಹೇಳುವವರೂ ಇರುತ್ತಾರೆ. ಹಿನ್ನೀರಿನ ಅಂಚು ಕಣ್ಣಿಗೆ ಮೆಲ್ಲಗೆ ಇಳಿಯುವಂತೆ ಕಾಣುತ್ತದೆ. ಹಳೆಯ ಹೊಳೆಯ ಪಾತ್ರ ಬಂದರೆ ಒಮ್ಮೆಗೇ ಆಳ. ಈಜು ಬರುವವರೇ ಮುಳುಗುವುದು ಅಲ್ಲಿ.

ಮಳೆ ಬಂದರೆ ಎಲ್ಲ ಬಂದ್

2018ರ ಆಗಸ್ಟಿನ ಭೂಕುಸಿತ ಕೊಡಗಿನ ಪ್ರವಾಸೋದ್ಯಮವನ್ನು ಒಂದು ರಾತ್ರಿಯಲ್ಲಿ ಮಲಗಿಸಿತು. ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಬೆಟ್ಟಗಳೇ ಜಾರಿದವು. ಅದೇ ಬೆಟ್ಟದ ಮಣ್ಣು ಹಾರಂಗಿಗೆ ಬಂದು ಹೂಳಾಯಿತು. ಪ್ರವಾಸಿಗರಿಗೆ ವಾರಗಟ್ಟಲೆ ನಿರ್ಬಂಧ. 2019ರ ಆಗಸ್ಟಿನಲ್ಲಿ ಕುಶಾಲನಗರದ ಬಡಾವಣೆಗಳಲ್ಲಿ ಕಾವೇರಿ ಮನೆಯೊಳಗೆ ಬಂದಳು. 2020ರಲ್ಲಿ ಕೊರೊನಾ ಬಾಗಿಲು ಮುಚ್ಚಿಸಿತು, ಅದರ ಹಿಂದೆಯೇ ತಲಕಾವೇರಿಯ ಬ್ರಹ್ಮಗಿರಿ ಕುಸಿಯಿತು. ಮೂರು ವರ್ಷ ಮೇಲಿಂದ ಮೇಲೆ ಬಿದ್ದ ಪೆಟ್ಟು. ಆಮೇಲೆ ಮಳೆ ಜೋರಾದರೆ ‘ಕೂರ್ಗ್ ಸೇಫಾ?’ ಎಂಬ ಪ್ರಶ್ನೆ ಪ್ರತಿ ಬುಕ್ಕಿಂಗಿನ ಜೊತೆ ಬರುತ್ತದೆ. ಮಡಿಕೇರಿಯಲ್ಲಿ ಗುಡ್ಡ ಕುಸಿದ ವಿಡಿಯೊ ನೋಡಿ ಕುಶಾಲನಗರದ ಕೋಣೆ ರದ್ದು ಮಾಡುವವರಿಗೆ ಎರಡೂ ಊರಿನ ಮಳೆ ಬೇರೆ ಎಂದು ಹೇಳುವುದು ಯಾರ ಕೆಲಸ? ಇದು ಹೋಟೆಲಿನವನು ಹೇಳಿದರೆ ವ್ಯಾಪಾರ, ಜಿಲ್ಲಾಡಳಿತ ಹೇಳಿದರೆ ಮಾಹಿತಿ. ಯಾವ ರಸ್ತೆ ತೆರೆದಿದೆ, ಯಾವ ತಾಣ ಮುಚ್ಚಿದೆ, ಹಾರಂಗಿಯಲ್ಲಿ ಒಳಹರಿವು ಎಷ್ಟು, ಗೇಟು ಯಾವಾಗ, ಇಷ್ಟನ್ನು ದಿನಕ್ಕೆರಡು ಬಾರಿ ಒಂದೇ ಕಡೆ ಹೇಳಿದರೆ ಸಾಕು.

ಡೊಮಿನಿಕಕ್ಕೂ 2017ರಲ್ಲಿ ಮರಿಯಾ ಚಂಡಮಾರುತ ಬಡಿದಿತ್ತು. ದೇಶದ ವರ್ಷದ ಒಟ್ಟು ಉತ್ಪನ್ನದ ಎರಡು ಪಟ್ಟಿಗೂ ಹೆಚ್ಚು ನಷ್ಟವಾಯಿತು. ಅವರು ಮತ್ತೆ ಅದೇ ಹೋಟೆಲುಗಳನ್ನು ಅದೇ ಜಾಗದಲ್ಲಿ ಎಬ್ಬಿಸಿ ಸುಮ್ಮನಾಗಲಿಲ್ಲ. ಬಿರುಗಾಳಿ ತಡೆಯುವ ದೇಶ ಕಟ್ಟುತ್ತೇವೆ ಎಂದು ಹೊರಟರು. ಎಷ್ಟು ಸಾಧ್ಯವಾಯಿತು ಎಂಬುದು ಬೇರೆ. ನಾವು ಕುಸಿದ ಬೆಟ್ಟದ ಪಕ್ಕದ ಬೆಟ್ಟವನ್ನು ಜೆಸಿಬಿಯಲ್ಲಿ ಸೀಳಿ ‘ವ್ಯಾಲಿ ವ್ಯೂ’ ಕೋಣೆ ಕಟ್ಟಿದೆವು.

ರಸ್ತೆ ಅಗಲವಾಗುತ್ತಿದೆ. ಮೈಸೂರು–ಕುಶಾಲನಗರ ನಾಲ್ಕು ಪಥದ 92 ಕಿಲೋಮೀಟರ್ ಹೆದ್ದಾರಿಗೆ 2023ರ ಮಾರ್ಚಿನಲ್ಲಿ ಪ್ರಧಾನಿ ಶಂಕುಸ್ಥಾಪನೆ ಮಾಡಿದರು. ಕೊಡಗಿಗೆ ರೈಲಿಲ್ಲ, ಕುಶಾಲನಗರದವರೆಗೆ ಹಳಿ ತರುವ ಪ್ರಸ್ತಾಪ ಹಳೆಯದು, ಪರ–ವಿರೋಧ ಎರಡೂ ಜೋರು. ಹೆದ್ದಾರಿ ಮುಗಿದರೆ ಬೆಂಗಳೂರಿನವರು ಈಗಿನದಕ್ಕಿಂತ ಬೇಗ ಬರುತ್ತಾರೆ. ಹಾಗೆಯೇ ಬೇಗ ಹೋಗುತ್ತಾರೆ. ಬೆಳಿಗ್ಗೆ ಬಂದು ರಾತ್ರಿಯೂಟಕ್ಕೆ ಮನೆ ಸೇರುವಷ್ಟು ಹತ್ತಿರವಾದರೆ, ಹಾರಂಗಿಗೆ ಈಗ ಸಿಗುತ್ತಿರುವ ಅರ್ಧ ಗಂಟೆಯೂ ಕಾಲು ಗಂಟೆಯಾದೀತು. ವಾಹನಗಳ ಹೊಗೆ, ಪ್ಲಾಸ್ಟಿಕ್ ಬಾಟಲಿ ಮಾತ್ರ ಇಲ್ಲೇ ಉಳಿಯುತ್ತವೆ. ಗಾಳಿಪಟ ಸಿನಿಮಾ ಬಂದ ಮೇಲೆ ಮಾಂದಲಪಟ್ಟಿ ಮುಗಿಲುಪೇಟೆಯಾಗಿ, ಬೆಳಗಿನ ಜಾವಕ್ಕೇ ಜೀಪುಗಳ ಸಾಲು ಹತ್ತಿ, ಹುಲ್ಲುಗುಡ್ಡದ ತುಂಬ ಚಕ್ರದ ಗಾಯವಾದದ್ದು ಎಲ್ಲರ ಕಣ್ಣೆದುರಿಗೇ ಇದೆ. ಹೆಚ್ಚು ಜನ ಬರಲಿ ಎನ್ನುವ ಮಾತನ್ನು ಹಾರಂಗಿಯ ಮಟ್ಟಿಗೆ ಕೈಬಿಡುವುದು ಒಳ್ಳೆಯದು. ಬಂದವರು ನಿಲ್ಲಲಿ.

ಮೊದಲ ಸಲ ಹೋದ ದಿನ ಆಟೊದವನನ್ನು ನಾಲ್ಕು ಗಂಟೆ ಕಾಯಿಸಿದೆ. ಮೊದಲು ಗೊಣಗಿದ, ಆಮೇಲೆ ತಾನೇ ಹತ್ತಿರದ ಹೋಟೆಲೊಂದಕ್ಕೆ ಕರೆದುಕೊಂಡು ಹೋಗಿ ಮೀನು ಸಾರು, ಅನ್ನ ಹಾಕಿಸಿದ. ಹಾರಂಗಿಯಲ್ಲಿ ಉಂಡು ಬಂದ ಪ್ರವಾಸಿಯನ್ನು ಇಷ್ಟು ವರ್ಷದಲ್ಲಿ ನೋಡಿದ್ದೇ ಅಪರೂಪ ಎಂದ.

ನೀವು ಹೋಗುವುದಾದರೆ ಜುಲೈ ನಡುವೆ ಹೋಗಿ, ಒಂದು ರಾತ್ರಿ ಹಳ್ಳಿಯ ಮನೆಯಲ್ಲೇ ಉಳಿಯಿರಿ, ಕಾಫಿ ಪುಡಿಯನ್ನು ಹೆದ್ದಾರಿಯ ಅಂಗಡಿಯ ಬದಲು ತೋಟದವರಿಂದ ಕೊಳ್ಳಿ. ಅಣೆಕಟ್ಟೆಯ ಕೆಳಗೆ ಹೊಳೆಗೆ ಇಳಿಯಬೇಡಿ. ಗೇಟು ಎತ್ತುವ ಮೊದಲು ಸೈರನ್ ಕೂಗಿಸುತ್ತಾರೆ. ಕೇಳಿಸಿದರೆ ಫೋಟೊ ಬಿಟ್ಟು ದಡಕ್ಕೆ ಬನ್ನಿ.